ಮೀನಿನ ತೊಟ್ಟಿಯ ಥರ್ಮಾಮೀಟರ್

ದೆವ್ವಗಳ ಜೊತೆ ಮೂರು ರಾತ್ರಿ ಇಸ್ಪೀಟು ಆಡಿ ಗೆದ್ದವನು ಇಡೀ ಮೈಸೂರಿಗೆ ನಾನೊಬ್ಬನೇ. ಸುಳ್ಳು ಬಿಡಿ. ಕತ್ತಲಾದ ಮೇಲೆ ನಾನು ಹಿತ್ತಲಿಗೂ ಒಬ್ಬನೇ ಹೋಗೋನಲ್ಲ. ಆದರೆ ನನ್ನ ಚಿಕ್ಕಪ್ಪನ ಮಗ ಸಿದ್ದೇಶನಿಗೆ ಹೋದ ಚಳಿಗಾಲದಲ್ಲಿ ಆಗಿದ್ದು ಸುಳ್ಳಲ್ಲ.

ದೇವರಾಜ ಮೊಹಲ್ಲಾದಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಅವತ್ತು ಬಾಗಿಲೆಳೆದು ಬನ್ನಿಮಂಟಪದ ಮನೆ ಕಡೆ ನಡೆದು ಹೊರಟಾಗ ಹತ್ತು ಗಂಟೆ. ದಾರಿಯಲ್ಲೊಂದು ಆಲದಮರ. ಅದರ ಕೆಳಗೆ ಬರುವಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು... ಗುರ್ರ್... ಗುರ್ರ್...

ವೇದವತಮ್ಮ. ಪಿಸುದನಿ.

"ಸಿದ್ದೇಶ್... ಇವರ ಮೈ ತಣ್ಣಗಾಗ್ತಿದೆ ಕಣಪ್ಪ. ಮೂರು ಕಂಬಳಿ ಹೊದಿಸಿದೀನಿ. ಇನ್ನೂ ಇಳೀತಾನೇ ಇದೆ."

ಸಿದ್ದೇಶ ಅಲ್ಲೇ ನಿಂತುಬಿಟ್ಟ. ಫ್ಯಾನು... ಅಂಗಡಿಯಲ್ಲಿ ಫ್ಯಾನು ಇನ್ನೂ ಓಡ್ತಿದೆ.

ಆಗಿದ್ದೇನು ಅಂದರೆ, ವೇದವತಮ್ಮನ ಯಜಮಾನರು ಲಕ್ಷ್ಮೀನರಸಿಂಹರಾಯರು ಹದಿನೈದು ವರ್ಷದಿಂದ ಒಂದೇ ಕಂಪ್ಯೂಟರಿನ ಮುಂದೆ ಕೂತು ಅರಮನೆ ಅಡುಗೆಮನೆಯ ಪದಗಳ ಕೋಶ ಬರೀತಿದ್ದರು. ಊಟ, ಕಾಫಿ, ಕೋಪ, ಎಲ್ಲಾ ಅದರ ಮುಂದೆಯೇ. ವಾರದಿಂದ ಅವರಿಗೆ ಜ್ವರ. ಅದೇ ವಾರದಿಂದ ಕಂಪ್ಯೂಟರೂ ಹತ್ತು ನಿಮಿಷ ಓಡಿ ಟಪ್ಪನೆ ಆರಿಹೋಗ್ತಿತ್ತು. ಅವತ್ತು ಅದು ರಿಪೇರಿಗೆ ಅಂಗಡಿಗೆ ಬಂದಾಗ, ಪ್ರೊಸೆಸರ್ ವಿಪರೀತ ಬಿಸಿಯಾಗ್ತಿದೆ ಅಂತ ಸಿದ್ದೇಶನಿಗೆ ಗೊತ್ತಾಯ್ತು. ಎಷ್ಟು ಅಂತ ಹೇಳೋ ಒಳಗಿನ ಸೆನ್ಸರ್ ಸತ್ತಿತ್ತು. ದುಬಾರಿ ಮೀಟರ್ ತರೋ ಆಸಾಮಿಯೇ ಇವನು? ಮೀನಿನ ತೊಟ್ಟಿಗೆ ಹಾಕೋ ನೂರೈವತ್ತು ರೂಪಾಯಿಯ ಥರ್ಮಾಮೀಟರ್ ತಂದ. ವೈರಿನ ತುದಿಯನ್ನ ಪ್ರೊಸೆಸರ್ ಮೇಲಿರೋ, ಅದರ ಶಾಖ ಹೊರಹಾಕೋ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ತೂರಿಸಿ ಟೇಪ್ ಅಂಟಿಸಿದ.

ಫ್ಯಾರನ್‌ಹೀಟಿನಲ್ಲಿ ನೂರಾಮೂರು.

ಪ್ಲಗ್ ಕಿತ್ತ. ಒಂದು ಗಂಟೆ ಬಿಟ್ಟು ನೋಡಿದ. ನೂರಾಮೂರು.

ಥರ್ಮಾಮೀಟರೇ ಕೆಟ್ಟಿದೆ ಅಂತ ಇನ್ನೊಂದು ತಂದ. ಅದರಲ್ಲೂ ನೂರಾಮೂರು. ಇದು ಜ್ವರದ ಲೆಕ್ಕ ಇದ್ದ ಹಾಗಿದೆಯಲ್ಲ ಅಂತ ರಾಯರ ಮನೆಗೆ ಫೋನ್ ಹಚ್ಚಿದ.

"ರಾಯರು ಹೇಗಿದಾರಮ್ಮ?"

"ಹೇಗಿರ್ತಾರಪ್ಪ... ಈಗ ತಾನೇ ನೋಡಿದೆ. ನೂರಾಮೂರು."

"ಲೈನಲ್ಲೇ ಇರಿ" ಅಂದ ಸಿದ್ದೇಶ. ಟೇಬಲ್ ಫ್ಯಾನನ್ನ ಆ ರೆಕ್ಕೆಗಳ ಕಡೆ ತಿರುಗಿಸಿ ಸ್ವಿಚ್ ಒತ್ತಿದ. ನೂರೆರಡು... ನೂರು... ತೊಂಬತ್ತೆಂಟು.

"ಬೆವರು ಬಿಡ್ತಿದೆ ಕಣಪ್ಪ. ಕಾಫಿ ಕೇಳ್ತಿದಾರೆ. ಅದೇನು ಮಾಡ್ತಿದೀಯೋ, ಮಾಡ್ತಾ ಇರು."

ರಿಪೇರಿಯವರ ಬುದ್ಧಿ ನೋಡಿ. ಪ್ರೊಸೆಸರ್ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೇದು ಅಂತ ಇಪ್ಪತ್ತು ವರ್ಷ ನಂಬಿಕೊಂಡು ಬಂದವನು. ಫ್ಯಾನನ್ನ ಎಲ್ಲಕ್ಕಿಂತ ಜೋರಾದ ಮೂರನೇ ನಂಬರಿಗಿಟ್ಟು ಹೊರಟು ಬಂದಿದ್ದ.

ಆಲದಮರದಿಂದ ಅಂಗಡಿಗೆ ವಾಪಸ್ ಓಡಿದ. ಶಟರ್ ಎತ್ತಿದ... ಕರ್ರ್‌ರ್... ಒಳಗೆ ಫ್ಯಾನಿನ ಟಕ್... ಟಕ್... ಥರ್ಮಾಮೀಟರಿನಲ್ಲಿ ಎಂಬತ್ತನಾಲ್ಕು. ಫ್ಯಾನ್ ಆರಿಸಿದ. ಎಂಬತ್ತೊಂದು. ಎರಡೂ ಅಂಗೈ ಉಜ್ಜಿ ಉಜ್ಜಿ ರೆಕ್ಕೆಗಳ ಮೇಲೆ ಒತ್ತಿ ಹಿಡಿದ. ಎಪ್ಪತ್ತೆಂಟು... ಅವನ ಬೆರಳುಗಳೇ ಮರಗಟ್ಟಿದವು. ಎಪ್ಪತ್ತೆರಡಕ್ಕೆ ಬಂದು ನಿಂತಿತು. ಅಂಗಡಿಯ ಗಾಳಿಯೂ ಅಷ್ಟೇ ತಣ್ಣಗಿತ್ತು.

ವಾಪಸ್ ಫೋನ್ ಮಾಡೋ ಧೈರ್ಯ ಅವನಿಗೆ ಬರಲಿಲ್ಲ. ಆ ಕಡೆಯಿಂದಲೂ ಫೋನ್ ಬರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ರಾಯರೇ ಅಂಗಡಿ ಮೆಟ್ಟಿಲ ಮೇಲೆ ನಿಂತಿದ್ದಾರೆ. ಇಸ್ತ್ರಿ ಮಾಡಿದ ಪಂಚೆ, ಶಲ್ಯ. ಹಿಂದೆ ವೇದವತಮ್ಮ, ನೆಲ ನೋಡ್ತಾ.

"ಜ್ವರ ಪೂರ್ತಿ ಬಿಡ್ತು ಕಣಯ್ಯ" ಅಂದರು ರಾಯರು. "ಕಂಪ್ಯೂಟರ್ ಕೊಟ್ಟುಬಿಡು. ಹೋಳಿಗೆ ಒಂದು ಬರೆದರೆ ಕೋಶ ಮುಗೀತು." ಕೈ ಚಾಚಿ ಸಿದ್ದೇಶನ ಕೈ ಹಿಡಿದರು.

ಆ ಕೈ ಶಟರಿನ ತಗಡಿನಷ್ಟೇ ತಣ್ಣಗಿತ್ತು.

ಕೋಶ ಮುಗೀತಂತೆ. ರಾಯರು ಈಗಲೂ ದಿನಾ ಸಂಜೆ ವಾಕಿಂಗ್ ಬರ್ತಾರೆ, ಎಲ್ಲರನ್ನೂ ಮಾತಾಡಿಸ್ತಾರೆ. ವೇದವತಮ್ಮ ಮಾತ್ರ ಅವತ್ತಿನಿಂದ ಪಡಸಾಲೆಯಲ್ಲಿ ಮಲಗ್ತಾರೆ, ದೀಪ ಆರಿಸೋದಿಲ್ಲ. ನಗಬೇಡಿ, ನಡೆದಿದ್ದೇ ಹೇಳ್ತಿದೀನಿ. ನಂಬಿಕೆ ಬರದಿದ್ದರೆ ಹೋಗಿ ಅವರ ಕೈ ಕುಲುಕಿ ನೋಡಿ... ಹೋಗೋ ಮುಂಚೆ ನನ್ನ ಟೀ ಕಾಸೊಂದು ಕೊಟ್ಟು ಹೋಗ್ತೀರಾ?