ಬೆಡ್‌ಶೀಟಿನ ಹಿಂದೆ ಎರಡು ಜೊತೆ ಸ್ಪೀಕರ್

ಮಾಡ್ಕೊಳ್ಳಿ, ಕೋಪ ಮಾಡ್ಕೊಳ್ಳಿ ಜಗನ್ನಾಥ್ ಅವ್ರೇ, ಬೇಡ ಅಂದೋರ್ಯಾರು? ಆದ್ರೆ ಕೂತ್ಕೊಂಡು ಮಾಡ್ಕೊಳ್ಳಿ. ಅಯ್ಯೋ... ಅದರ ಮೇಲಲ್ಲ! ಅದು ಸ್ಟೂಲಲ್ಲ ರೀ, ಸ್ಪೀಕರು! ನಮ್ಮನೇಲಿ ಕೂತ್ಕೊಳ್ಳೋ ಹಾಗೆ ಕಾಣೋದೆಲ್ಲ ಸ್ಪೀಕರೇ. ಹೂಂ, ಆ ಬೆತ್ತದ ಕುರ್ಚಿ ಎಳ್ಕೊಳ್ಳಿ. ಫ್ಯಾನ್ ಹಾಕ್ಲಾ? ಈ ಬಿಸಿಲಲ್ಲಿ ಮಹಾಲಕ್ಷ್ಮಿ ಲೇಔಟಿಂದ ಬಸವೇಶ್ವರನಗರದವರೆಗೆ ಸ್ಕೂಟರ್ ಓಡಿಸ್ಕೊಂಡು ಬಂದಿದೀರಿ, ಅದೂ ಜಗಳ ಆಡೋಕೆ. ಕಾಫಿ ಕುಡಿದು ಆಡಿ, ಗಂಟಲಾದ್ರೂ ಸರಿ ಇರುತ್ತೆ.

ನಮ್ಮನೆಯವ್ರಾ? ಎಸ್.ಪಿ. ರೋಡಿಗೆ ಹೋಗಿದಾರೆ. ಶನಿವಾರ ಅರ್ಧ ದಿನ ಫ್ಯಾಕ್ಟರಿ ಅಲ್ವಾ. ಬೇರೆ ಗಂಡಂದ್ರು ಅರ್ಧ ದಿನ ರಜಾ ಸಿಕ್ಕಿದ್ರೆ ಹೆಂಡ್ತೀನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ನಮ್ಮೋರು ಸ್ಪೀಕರಿಗೆ ಅಂಟು ಹುಡುಕ್ಕೊಂಡು ಹೋಗ್ತಾರೆ. ಬಸ್ಸಲ್ಲಿ ಹೋಗಿದಾರೆ, ಇನ್ನೇನು ಬರ್ತಾರೆ.

ಏನು? ಚಾಲೆಂಜಾ?

ಅಬ್ಬಬ್ಬಾ! ಬ್ಯಾಂಕ್ ಆಫೀಸರು ಚಾಲೆಂಜ್ ಹಾಕೋಕೆ ಬಂದಿದಾರೆ! ನಾಳೆ ನಿಮ್ಮನೇಲಿ... ನಿಮ್ಮ ಪರದೆ... ನಿಮ್ಮ ಸ್ವಿಚ್ಚು... ಸ್ವಿಚ್ ತಿರುಗಿಸೋದು ನಿಮ್ಮ ತಮ್ಮ. ಮತ್ತೆ? "ಗಿರಿ ಒಬ್ನೇ ಬರ್ಲಿ, ನೀವು ಬರೋದು ಬೇಡ." ಹಾಗಂತೀರಾ? ಯಾಕ್ರೀ, ನನ್ನ ಕಂಡ್ರೆ ಭಯಾನಾ? ಹೋದ ಭಾನುವಾರ ನಾನು ಮಾಡ್ಕೊಟ್ಟ ಬೋಂಡ ಐದು ತಿಂದಾಗ ಇರಲಿಲ್ಲ ಭಯ!

ನಗಬಾರ್ದು ಅಂದ್ರೂ ನಗು ಬರುತ್ತೆ ನಂಗೆ, ಆ ಭಾನುವಾರ ನೆನೆಸ್ಕೊಂಡ್ರೆ. ಸಂಸಾರಸ್ಥರು, ತಲೆಗೂದಲು ಬೆಳ್ಳಗಾಗ್ತಿರೋ ಗಂಡಸರು, ನನ್ನ ಹೊಸ ಬೆಡ್‌ಶೀಟ್ ಹಾಲಿಗೆ ಅಡ್ಡ ಕಟ್ಟಿ ಅದರ ಕಡೆ ಮುಖ ಮಾಡಿ ಕೂತಿದೀರಿ, ಒಳಗಿಂದ ದೇವರು ಎದ್ದು ಬರ್ತಾನೆ ಅನ್ನೋ ಹಾಗೆ! ಬೆಡ್‌ಶೀಟಿನ ಹಿಂದೆ ಇದ್ದಿದ್ದು ಎರಡು ಜೊತೆ ಡಬ್ಬ. ಒಂದು ನಿಮ್ಮ ಭಾವ ದುಬೈಯಿಂದ ತಂದ ಜಪಾನಿಂದು, ಹೊಸಾದು, ಪಳಪಳ. ಇನ್ನೊಂದು ನಮ್ಮೋರದ್ದು, ಇಂಗ್ಲೆಂಡಿಂದು, ಮುದುಕಿ. ಕಂಟೋನ್ಮೆಂಟಲ್ಲಿ ಯಾವುದೋ ಬಂಗಲೆ ಖಾಲಿ ಮಾಡೋವಾಗ ಗುಜರಿಗೆ ಹಾಕ್ತಿದ್ದಿದ್ದು. ಆಟೋದಲ್ಲಿ ತೊಡೆ ಮೇಲೆ ಕೂರಿಸ್ಕೊಂಡು ಬಂದ್ರು ರೀ! ನಮ್ಮ ಮದುವೆ ಆದ ಹೊಸದ್ರಲ್ಲಿ ನನ್ನನ್ನೂ ಅಷ್ಟು ಹುಷಾರಾಗಿ ಕರ್ಕೊಂಡು ಬಂದಿರಲಿಲ್ಲ.

ಅದನ್ನ ರಿಪೇರಿ ಮಾಡಿದ ಕಥೆ ನಿಮಗೆ ಗೊತ್ತಾ? ಒಳಗಡೆ ಇಲಿ ಸಂಸಾರ ಮಾಡಿತ್ತು. ಹಾಡುವಾಗ ಅದುರೋ ಆ ದುಂಡಗಿನ ಕಾಗದ ಇರುತ್ತಲ್ಲ, ಅದರ ಅಂಚು ಮುಟ್ಟಿದ್ರೆ ಪುಡಿ ಪುಡಿ. "ಇದಕ್ಕೆ ತೆಳ್ಳಗಿರೋ ಗಟ್ಟಿ ಬಟ್ಟೆ ಬೇಕು ಸತ್ಯಾ" ಅಂತ ಮೂರು ದಿನ ಮನೆಯೆಲ್ಲ ಓಡಾಡಿದ್ರು. ಆಮೇಲೆ ಸುಮ್ಮನಾದ್ರು. ಸಿಕ್ಕಿರ್ಬೇಕು ಅಂದ್ಕೊಂಡೆ. ಮೊದಲನೇ ಮಳೆ ಬಂದಾಗ ಮಾರ್ಕೆಟ್ಟಲ್ಲಿ ನಿಂತು ಛತ್ರಿ ಬಿಚ್ಚಿದೀನಿ, ಮೇಲೆ ನೋಡ್ತೀನಿ, ಎರಡು ರೌಂಡ್ ತೂತು! ತರಕಾರಿಯವಳು ಬಿದ್ದೂ ಬಿದ್ದೂ ನಕ್ಕಳು.

ಆದ್ರೆ ಕೆಲಸ ಮಾತ್ರ... ಹೇಳ್ಬಾರ್ದು, ಹೇಳಿದ್ರೆ ಇವ್ರಿಗೆ ಕೊಬ್ಬು. ಆ ಕಾಗದದ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ಕೂತ್ರೆ ಆಯ್ತು, ಎಲ್ಲಿ ಉಜ್ಜುತ್ತೆ, ಎಲ್ಲಿ ಅದುರುತ್ತೆ, ಎಲ್ಲ ಗೊತ್ತಾಗುತ್ತೆ. ನೀವೆಲ್ಲ ಅದಕ್ಕೆ "ಗಿರಿಯ ಧ್ಯಾನ" ಅಂತೀರಂತೆ. ಧ್ಯಾನವಂತೆ! ಪಕ್ಕದ ಮನೆಗೆ ಕಲರ್ ಟಿವಿ ಬಂತು, ಎದುರು ಮನೆ ಇಂದ್ರಮ್ಮನ ಮನೆಗೆ ಫ್ರಿಜ್ ಬಂತು, ನಮ್ಮನೆಗೆ ಧ್ಯಾನ ಬಂತು.

ಹೂಂ. ಗೊತ್ತು, ಗೊತ್ತು. ನಿಮಗೆ ಉರಿದಿದ್ದು ಆ ಮಾತಿಗೆ. ನಾನು ಹಿಂದೆ ನಿಂತು ಸ್ವಿಚ್ ತಿರುಗಿಸ್ತಾ ಇದ್ದೆ, ಯಾವ ಡಬ್ಬ ಹಾಡ್ತಿದೆ ಅಂತ ನೀವೆಲ್ಲ ಹೇಳ್ಬೇಕಿತ್ತು. ನೀವು ನಿಮ್ಮ ಡಬ್ಬಾನೇ ಗುರುತು ಹಿಡೀಲಿಲ್ಲ. ಇವ್ರು ಒಂದೂ ತಪ್ಪಲಿಲ್ಲ. ಆಗ ಎಲ್ಲರ ಮುಂದೆ ಅಂದ್ರಲ್ಲ, "ಜಗ್ಗ, ನಿನಗೆ ಕಿವಿ ಇರೋದು ಕನ್ನಡಕ ಸಿಗಿಸ್ಕೊಳ್ಳೋಕೆ ಮಾತ್ರ ಕಣೋ" ಅಂತ. ಅನ್ನಬಾರ್ದಿತ್ತು. ಒಳಗಡೆ ನಿಂತ್ಕೊಂಡು ನಂಗೇ ಮೈ ಬಿಸಿಯಾಯ್ತು. ಸ್ನೇಹಿತರಿಗೆ ಅನ್ನೋ ಮಾತಾ ಅದು?

ಆದ್ರೂ ನಾಳೆ ಆಗಲ್ಲ ರೀ. ನಮ್ಮಣ್ಣ ಕೃಷ್ಣಯ್ಯ ತುಮಕೂರಿಂದ ಬರ್ತಿದಾನೆ. ಅಲ್ದೆ ಇವ್ರಿಗೆ ನೆಗಡಿ, ಮೂಗು ಕಟ್ಟಿ ಕಿವೀನೂ ಕಟ್ಟಿದೆ... ಯಾಕೆ ಹಾಗೆ ನೋಡ್ತೀರಿ? ಅಣ್ಣನೂ ನೆಗಡೀನೂ ಒಟ್ಟಿಗೆ ಬರಬಾರ್ದಾ? ಮುಂದಿನ ವಾರನಾ? ಮುಂದಿನ ವಾರ ಓವರ್‌ಟೈಮು. ಅದರ ಮುಂದಿನ... ನೀವು ಒಳ್ಳೇ ಸಾಲ ವಸೂಲಿಗೆ ಬಂದ ಹಾಗೆ ಕೂತಿದೀರಲ್ಲ!

ಸರಿ. ಸರಿ ಬಿಡಿ. ಹೇಳ್ಬಿಡ್ತೀನಿ. ಆದ್ರೆ ನಾನು ಹೇಳ್ದೆ ಅಂತ ಇವ್ರ ಹತ್ರ ಬಾಯಿ ಬಿಡಬಾರ್ದು. ಮೋಸ ರೀ! ಅಪ್ಪಟ ಮೋಸ! ನೀವೆಲ್ಲ ಭಕ್ತರ ಹಾಗೆ ಕಣ್ಣು ಮುಚ್ಕೊಂಡು ಕೂತಿದ್ರಲ್ಲ, ಇವ್ರು ಒಬ್ರೇ ತಲೆ ತಗ್ಗಿಸಿ ನೆಲ ನೋಡ್ತಾ ಇದ್ರು, ಗಮನಿಸಿದ್ರಾ? ಬೆಡ್‌ಶೀಟ್ ನೆಲಕ್ಕೆ ಮುಟ್ತಿರಲಿಲ್ಲ. ನಿಮ್ಮ ಜಪಾನ್ ಹಾಡಿದ್ರೆ ನನ್ನ ಎಡಗಾಲಿನ ಬೆರಳು ಹೊರಗೆ. ಮುದುಕಿ ಹಾಡಿದ್ರೆ ಬಲಗಾಲು. ಅಷ್ಟೇ ನೋಡಿ ನಿಮ್ಮ ಗಿರಿಯ ಚಿನ್ನದ ಕಿವಿ! ಅದು ನನ್ನ ಕಾಲುಂಗುರ!

ಬೈರಿ ಈಗ. ಬೇಕಾದ್ರೆ ಆ ಮಾತು ವಾಪಸ್ ಅನ್ನಿ. "ನಿಮ್ಮ ಗಂಡ ಕಳ್ಳ" ಅನ್ನಿ, ನಾನೇ ಹೂಂ ಅಂತೀನಿ. ಊರಿಗೆಲ್ಲ ಹೇಳಿ, ನಿಮ್ಮ ಗುಂಪಲ್ಲಿ ಎಲ್ಲರಿಗೂ ಹೇಳಿ. ಚಾಲೆಂಜೂ ಬೇಡ, ನಾಳೆನೂ ಬೇಡ, ನೀವು ಗೆದ್ರಿ. ಆಯ್ತಲ್ಲ?

...ನಗ್ತಾ ಇಲ್ಲ ನೀವು.

ತಮಾಷೆಗೆ ಮಾಡಿದ್ದು ರೀ! ಹಿಂದಿನ ದಿನ ಅಡುಗೆ ಮನೆಗೆ ಬಂದು, ಒಲೆ ಹತ್ರ ನಿಂತ್ಕೊಂಡು, "ನಾಳೆ ಅವ್ರಿಗೆಲ್ಲ ಒಂದು ಆಟ ಆಡಿಸೋಣ್ವಾ ಸತ್ಯಾ?" ಅಂದ್ರು. ನಗ್ತಾ ನಗ್ತಾನೇ ಅಂದ್ರು. ಕೈ ಮಾತ್ರ ಸೌಟು ತಿರುಗಿಸ್ತಾ ಇತ್ತು, ಸುಮ್ನೆ, ಖಾಲಿ ಪಾತ್ರೇಲಿ. ನಾನೂ ನಕ್ಕೆ. ಹೂಂ ಆಡಿಸೋಣ ಅಂದೆ. ಇನ್ನೇನನ್ಲಿ?

ಕೊನೇ ಸಲದ್ದಾ? ಯಾವ ಕೊನೇ ಸಲ?

ಓ, ಅದಾ... ಅದು ನನ್ನ ತಪ್ಪು. ಕಾಲು ಹೊರಗೆ ಹಾಕೋ ಭರದಲ್ಲಿ ವೈರ್ ಎಡವಿಬಿಟ್ಟೆ. ಕಿತ್ಕೊಂಡು ಬಂತು. ಸ್ಪೀಕರು ಬಂದ್, ಮನೆಯೆಲ್ಲ ನಿಶ್ಶಬ್ದ, ಬೀದೀಲಿ ಸೋಡಾ ಗಾಡಿಯವನು ಹೋಗಿದ್ದೂ ಕೇಳಿಸ್ತು. ಆಗ ಇವ್ರು "ಆಹಾ! ಕೇಳ್ರೋ, ವೀಣೆ ತಂತಿಗೆ ಉಗುರು ತಾಗೋದೂ ಕೇಳ್ತಿದೆ, ಇದೇ ನೋಡಿ ನಮ್ಮ ಮುದುಕಿ!" ಅಂದ್ರು. ತಮಾಷೆಗೆ ಅಂದ್ರು! ಎಲ್ಲಾರೂ ಹೊಟ್ಟೆ ಹಿಡ್ಕೊಂಡು ನಕ್ಕರಲ್ಲ! ಇವ್ರೂ ನಕ್ಕರು... ಆಮೇಲೆ... ಎಲ್ಲರ ಮುಖ ನೋಡ್ಕೊಂಡು. ಅವ್ರ ಸ್ವಭಾವಾನೇ ಹಾಗೆ, ಏನಾದ್ರೂ ಒಂದು ಅಂದು ನಗಿಸ್ತಾರೆ. ನಗಲಿಲ್ವಾ ಎಲ್ರೂ?

ನೀವು ನಗಲಿಲ್ಲ.

ಬೆಡ್‌ಶೀಟಿನ ಸಂದೀಲಿ ನೋಡಿದೆ ನಾನು. ಆ ಕನ್ನಡಕದ ಮಾತಿಗೆ ಕೋಪ ಬಂದು ಮುಖ ಊದಿಸ್ಕೊಂಡಿದಾರೆ ಅಂದ್ಕೊಂಡೆ.

ಹಾಗಾದ್ರೆ ಚಾಲೆಂಜು, ನಿಮ್ಮ ತಮ್ಮ, ನಿಮ್ಮ ಸ್ವಿಚ್ಚು, ಅದೆಲ್ಲ... ನಾನು ಏನಂತೀನಿ ನೋಡೋಕಾ? ಒಳ್ಳೇ ಜಾಣ್ರು ರೀ ನೀವು! ಹೆಂಗಸಿನ ಬಾಯಿ ಬಿಡಿಸೋಕೆ ಇಷ್ಟು ದೂರ ಬಂದ್ರಾ? ಮೋಸ ಅಂತ ಒಪ್ಕೊಂಡೆನಲ್ಲ, ಅಷ್ಟು ಸಾಲಲ್ವಾ ನಿಮಗೆ? ಮೋಸ ಅಂತಾನೇ ತಿಳ್ಕೊಂಡು ಹೋಗಬಾರ್ದಿತ್ತಾ?

...

ಫ್ಯಾಕ್ಟರೀಲಿ ಇವ್ರದ್ದು ಸುತ್ತಿಗೆ ಮೆಷೀನಿನ ಶೆಡ್ಡು. ಮದುವೆಗೆ ಮುಂಚಿಂದ ಅಲ್ಲೇ. ಒಂದು ಸಲ ಟಿಫನ್ ಕ್ಯಾರಿಯರ್ ಕೊಡೋಕೆ ಹೋಗಿದ್ದೆ, ಗೇಟಲ್ಲಿ ನಿಂತೋಳಿಗೇ ಹಲ್ಲು ಅದುರ್ತಿತ್ತು. ಯಾವಾಗ ಶುರುವಾಯ್ತು ಅಂತ ಗೊತ್ತಿಲ್ಲ ನಂಗೆ. ಮೊದಲು ಕುಕ್ಕರ್ ಕೂಗಿದ್ದು ಗೊತ್ತಾಗ್ತಿರಲಿಲ್ಲ. ಆಮೇಲೆ ಮಳೆ. ಈಗ ಆ ದೊಡ್ಡ ಕಾಗದದ ಮೇಲೆ ಬೆರಳಿಟ್ರೆ ಮೃದಂಗ ಸಿಗುತ್ತೆ, ಅಷ್ಟೇ. ವೀಣೆ ಬೆರಳಿಗೆ ಸಿಗಲ್ಲ ರೀ. ಅದನ್ನ ನಾನು ಹೇಳ್ತೀನಿ. ಪಕ್ಕ ಕೂತು ತೊಡೆ ಮೇಲೆ ತಟ್ಟಿ ತೋರಿಸ್ತೀನಿ, ಇವ್ರು ಸ್ಕ್ರೂ ತಿರುಗಿಸ್ತಾರೆ. ಕೇಳಲ್ಲ ಅಂತ ಇವ್ರು ಒಂದು ದಿನವೂ ಅಂದಿಲ್ಲ. ಕೇಳಲ್ವಾ ಅಂತ ನಾನೂ ಅಂದಿಲ್ಲ. ಇವತ್ತು ನಿಮ್ಮ ಹತ್ರ...

ಗೇಟು. ಬಂದ್ರು ನೋಡಿ. ಎರಡು ಕೈ ತುಂಬ ಚೀಲ, ಬೆನ್ನು ಈ ಕಡೆ ಮಾಡಿ ಆ ಚಿಲಕದ ಜೊತೆ ಗುದ್ದಾಡ್ತಾ... ಇರಿ, ಇರಿ, ಇಲ್ಲಿಂದ ಕೂಗ್ಬೇಡಿ! ಎದ್ದು ಹೋಗಿ. ಸುತ್ತಿಕೊಂಡು ಎದುರಿಗೆ ಹೋಗಿ ನಿಂತ್ಕೊಂಡು, ಮುಖ ನೋಡಿ ಮಾತಾಡ್ಸಿ. ನಿಧಾನವಾಗಿ. ಮತ್ತೆ ಜಗನ್ನಾಥ್ ಅವ್ರೇ, ಆ ಮೀಸೆ... ಸ್ವಲ್ಪ ಕತ್ತರಿಸ್ಕೊಳ್ಳಬಾರ್ದಾ? ತುಟೀನೇ ಕಾಣಲ್ಲ ನಿಮ್ಮದು. ನೀವು ಏನು ಹೇಳಿದ್ರೂ ಇವ್ರು ಸುಮ್ನೆ ಹೂಂ ಹೂಂ ಅಂತಿರ್ತಾರೆ.