ನವಿಲು ರಾಣಿಯ ಹಿಂದೆ ನಿಂತವಳು

ಇಲ್ಲ ಅಂದೆನಲ್ಲ! ಎಷ್ಟು ಸಲ ಹೇಳಬೇಕು ನಿಮಗೆ? ನವಿಲು ರಾಣಿಯ ಸಿನಿಮಾ ಇಲ್ಲ. ಕ್ಯಾಸೆಟ್ ಹಾಳಾಗಿದೆ. ಅರಮನೆಯ ಹಾಡು ಶುರುವಾದ ಕೂಡಲೇ ಟಿ.ವಿ. ತುಂಬ ಗೆರೆ, ಕರಕರ ಶಬ್ದ... ಬಾಡಿಗೆಗೆ ಕೊಟ್ಟರೆ ಜನ ನನ್ನ ಮುಖಕ್ಕೆ ಉಗಿದು ಹೋಗ್ತಾರೆ.

ಎಂತ? ನಾನು ‘ನೀವು’ ಅನ್ನುವುದು ಕೇಳಿ ಆಶ್ಚರ್ಯವಾ? ಕಾಪು ಪೇಟೆಯಲ್ಲಿ ವಿಡಿಯೋ ಅಂಗಡಿ ಇಟ್ಟವಳು ನಾನು. ಬಾಗಿಲಿಗೆ ಬಂದವರೆಲ್ಲ ಗಿರಾಕಿಗಳೇ. ಒಡಹುಟ್ಟಿದ ತಂಗಿಯಾದರೂ ಗಿರಾಕಿಯೇ. ಹೇಳದೆ ಕೇಳದೆ ಮದ್ರಾಸಿಗೆ ಓಡಿಹೋಗಿ ಸಿನಿಮಾದ ಡ್ಯಾನ್ಸ್ ಪಾರ್ಟಿ ಸೇರಿದ ತಂಗಿಯಾದರಂತೂ... ಓಹೋ, ದೊಡ್ಡ ಗಿರಾಕಿ!

ಯಾಕೆ ನಗ್ತೀರಿ? ನಗಲಿಕ್ಕೆ ಎಂತ ಉಂಟು ಇದರಲ್ಲಿ?

ಬೇಕಾದರೆ ಬೇರೆ ತೆಗೆದುಕೊಳ್ಳಿ. ನವಿಲು ರಾಣಿಯಲ್ಲಿ ಪಾರ್ಟು ಮಾಡಿದವರದ್ದೇ ಬೇರೆ ಸಿನಿಮಾ ಎಷ್ಟು ಬೇಕು? ಇಗೊಳ್ಳಿ. ಆ ಮಾಂತ್ರಿಕ ಇದ್ದಾನಲ್ಲ, ಕಣ್ಣಿನಿಂದ ಬೆಂಕಿ ಬಿಡುವವ, ಅವನು ಇದರಲ್ಲಿ ಬಡ ಮೇಷ್ಟ್ರು. ಹೆಂಡತಿ ತೀರಿಹೋಗಿದ್ದಾಳೆ. ದಿನಾ ಎರಡು ತಟ್ಟೆಗೆ ಅನ್ನ ಬಡಿಸಿ, ಆಮೇಲೆ ನೆನಪಾಗಿ ಒಂದನ್ನು ತೆಗೆದಿಡ್ತಾನೆ. ಒಂದು ಮಾತಿಲ್ಲ ಆಗ. ನವಿಲು ರಾಣಿಯಲ್ಲಿ ಅಷ್ಟು ಬೊಬ್ಬೆ ಹೊಡೆದವ ಇವನೇನಾ ಅನ್ನಿಸ್ತದೆ... ಬೇಡವಾ? ತಲೆ ಯಾಕೆ ಅಲ್ಲಾಡಿಸ್ತೀರಿ, ಇನ್ನೂ ಮುಟ್ಟಿ ಸಹ ನೋಡಲಿಲ್ಲ!

ಹಾಗಾದರೆ ಇದು. ರಾಣಿಯಾಗಿ ಗರಿ ಕಟ್ಟಿಕೊಂಡು ಹಾರಿದವಳು ಇದರಲ್ಲಿ ನರ್ಸು. ಚೆನ್ನಾಗಿ ಮಾಡಿದ್ದಾಳೆ. ಅಲ್ಲಿ ಹಾರುವಾಗ ಅವಳ ಸೊಂಟದ ಹಗ್ಗ ಕಾಣ್ತದೆ, ಇದರಲ್ಲಿ ಅಂಥ ನಾಚಿಕೆಗೇಡು ಇಲ್ಲ.

ಅಯ್ಯೋ, ನಾನು ಎಲ್ಲಿ ನೋಡಿದ್ದು! ಆಮಿನಮ್ಮ ಹೇಳಿದ್ದು. ಈ ಕಟ್ಟಡ ಅವರದ್ದು, ಗೊತ್ತುಂಟಲ್ಲ? ಅವರ ಮಗ ಅಬ್ಬಾಸ್ ದುಬೈಯಿಂದ ಕ್ಯಾಸೆಟ್ ಹಾಕುವ ಡೆಕ್ಕು ತಂದುಕೊಟ್ಟ ಮೇಲೆಯೇ ನಾನು ಈ ಅಂಗಡಿ ಮಾಡಿದ್ದು. ಆಮಿನಮ್ಮನಿಗೆ ಸಿನಿಮಾದ ಹುಚ್ಚು. ಹಗ್ಗ ಕಂಡದ್ದು ಅವರಿಗೆ. ನನಗೆ ಸಿನಿಮಾ ಅಂದರೆ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ಕೇಳಿ ನೋಡುವ... ಕೇಳಿ!

ನಾನೇ ಹೇಳ್ತೇನೆ. ನನಗೆ ಬಂದ ಕಾರ್ಕಳದ ಸಂಬಂಧ ನೆನಪುಂಟಾ? ವೀಳ್ಯ ಬದಲಾಯಿಸಿ ಆಗಿತ್ತು. ಸೀರೆಗೆ ಬ್ಲೌಸ್ ಹೊಲಿಸಿ ಆಗಿತ್ತು. ನೀನು ಓಡಿಹೋದ ವಾರವೇ ಹುಡುಗನ ಮಾವ ಬಂದರು. ಒಳಗೂ ಬರಲಿಲ್ಲ ಆ ಮನುಷ್ಯ, ಅಂಗಳದಲ್ಲೇ ನಿಂತು ಅಂದರು, ‘ಸಿನಿಮಾದಲ್ಲಿ ಕುಣಿಯುವವಳ ಅಕ್ಕ ನಮಗೆ ಬೇಡ.’ ಅಮ್ಮ ನೀರು ಕೊಡಲಿಕ್ಕೆ ಅಂತ ಚೆಂಬು ಹಿಡಿದುಕೊಂಡು ಬಂದಿದ್ದಳು. ಹಾಗೆಯೇ ನಿಂತಳು. ಅವರು ಗೇಟು ದಾಟಿದ ಮೇಲೂ ನಿಂತೇ ಇದ್ದಳು. ನಿನಗೆ ಇದು ಯಾರೂ ಹೇಳಿರಲಿಕ್ಕಿಲ್ಲ. ನೀನು ಅಲ್ಲಿ ಗೆಜ್ಜೆ ಕಟ್ಟಿಕೊಂಡು...

ಬೇಡ! ‘ಅಕ್ಕ’ ಅನ್ನಬೇಡ. ಆ ಶಬ್ದ ಕೇಳಲಿಕ್ಕೆ ಆಗುವುದಿಲ್ಲ ನನಗೆ ಈಗ.

ನೋಡು, ಗಿರಾಕಿಯಾಗಿ ಬಂದಿದ್ದಿ, ಗಿರಾಕಿಯ ಹಾಗೆ ತೆಗೆದುಕೊಂಡು ಹೋಗು. ಇದೊಂದು ಉಂಟು. ರಾಣಿಯ ಕುಳ್ಳ ಸೇವಕ ಇದ್ದನಲ್ಲ, ಅವನು ಇದರಲ್ಲಿ ಸರ್ಕಸ್ಸಿನ ಯಜಮಾನ. ನಗಿಸಿ ನಗಿಸಿ ಕೊಲ್ತಾನೆ. ಕಡೆಗೆ ಒಂದು ಮದುವೆ. ದಿಬ್ಬಣ ಬರುವಾಗ ಹರಿವಾಣ ಹಿಡಿದ ಹೆಂಗಸರ ಸಾಲು ಒಂದಿದೆ, ಅದನ್ನು ನೋಡಬೇಕು. ಕಂಬದ ಹತ್ತಿರ ನಿಂತವಳಿಗೆ ಯಾರದ್ದೋ ಅಳತೆಯ ಬ್ಲೌಸು ಹಾಕಿಸಿದ್ದಾರೆ, ಪಾಪ. ಹೆಗಲಿನಿಂದ ಜಾರ್ತಾ ಉಂಟು. ಕೈಯಲ್ಲಿ ಹರಿವಾಣ, ಎಂತ ಮಾಡುವುದು? ಗಲ್ಲದಿಂದ ಒತ್ತಿ ಹಿಡಿದುಕೊಂಡೇ ನಗ್ತಾಳೆ. ನನ್ನ ಹಳೆ ಅಂಗಿ ಹಾಕಿ ಶಾಲೆಗೆ ಹೋಗುವಾಗಲೂ ಹಾಗೆಯೇ... ಗಲ್ಲದಲ್ಲಿ ಒತ್ತಿ...

ಎಂತ? ಎಂತ ನೋಡ್ತೀ?

ನಾನು ಕಂಡುಹಿಡಿದದ್ದಲ್ಲ ಮಾರಾಯ್ತಿ! ಅದು... ಅದು ಅಮ್ಮ. ಅಮ್ಮನಿಗೆ ಅದೇ ಕೆಲಸ. ‘ಹಿಂದೆ ಹಾಕು ಸರಸ, ಅಲ್ಲಿ ನಿಲ್ಲಿಸು ಸರಸ.’ ನವಿಲು ರಾಣಿಯಲ್ಲಿ ಚಾಮರ ಬೀಸುವವರ ನಡುವಿನಿಂದ ನೀನು ಒಮ್ಮೆ ಈಚೆ ತಿರುಗ್ತೀಯಲ್ಲ, ಅಲ್ಲೇ ನಿಲ್ಲಿಸಿ ನಿಲ್ಲಿಸಿ ಟೇಪು ಸವೆದದ್ದು. ಗೆರೆ ಬೀಳುವುದು ಅದಕ್ಕೆ. ಆ ಮಾಂತ್ರಿಕ ಮಾಡಿದ್ದು, ಆ ರಾಣಿ ಮಾಡಿದ್ದು, ಆ ಕುಳ್ಳ ಮಾಡಿದ್ದು, ಎಲ್ಲ ತರಿಸು ಅಂತ ಅಮ್ಮನೇ ಹಟ ಹಿಡಿದದ್ದು. ಅದೇ ಜನ ಇದ್ದರೆ ಅದೇ ಡ್ಯಾನ್ಸ್ ಪಾರ್ಟಿಯೂ ಇದ್ದೀತು ಅಂತ. ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ತರ್ತಿದ್ದೆ ನಾನು. ಅಮ್ಮನ ಹಟಕ್ಕೆ! ನನಗೆ ಎಂತ ಬಂದದ್ದು ನಿನ್ನನ್ನು ಹುಡುಕಲಿಕ್ಕೆ?

...

ಯಾಕೆ ಹಾಗೆ ನೋಡ್ತಾ ನಿಂತಿದ್ದಿ?

ಸುಳ್ಳು ಅನ್ನು ಬೇಕಾದರೆ. ಬಾಯಿ ಬಿಟ್ಟು ಅನ್ನು. ಹೀಗೆ ಸುಮ್ಮನೆ ನಿಲ್ಲಬೇಡ, ಸುಗಂಧಿ.

ಹೌದು... ಗೊತ್ತುಂಟು ನಿನಗೆ. ಅಮ್ಮ ತೀರಿಹೋದಾಗ ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದಿದ್ದಿಯಲ್ಲ ನೀನು. ಹಿತ್ತಿಲಿನ ಬಾಗಿಲಲ್ಲಿ ಕೂತು, ಊಟಕ್ಕೂ ಏಳದೆ ಹೋದಿ. ಆಗ ಈ ಅಂಗಡಿ ಎಲ್ಲಿತ್ತು? ಡೆಕ್ಕು ಎಲ್ಲಿತ್ತು? ನವಿಲು ರಾಣಿಯೇ ಬಂದಿರಲಿಲ್ಲ. ಅಮ್ಮ ನಿನ್ನನ್ನು ಸಿನಿಮಾದಲ್ಲಿ ಒಮ್ಮೆಯೂ ನೋಡಿದವಳಲ್ಲ.

ಸರಿ, ನಾನೇ ನೋಡಿದ್ದು! ಸಂತೋಷ ಆಯಿತಾ? ಅಂಗಡಿಯ ಬಾಗಿಲು ಎಳೆದುಕೊಂಡು, ಶಬ್ದ ಪೂರ ಇಳಿಸಿ... ಬೈಯುತ್ತಾ ನೋಡ್ತಿದ್ದೆ, ತಿಳಿದುಕೋ. ‘ಕುಣಿ, ಕುಣಿ, ನನ್ನ ಮದುವೆ ಮುರಿದು ಕುಣಿ’ ಅಂತ ಬೈಯುತ್ತಾ! ಸಿಟ್ಟು ಹೋಗಲಿಲ್ಲ. ಈಗಲೂ ಹೋಗಲಿಲ್ಲ. ನೀನು ಹತ್ತಿರ ಬಂದು ಕೈ ಹಿಡಿದರೆ ಹೋಗುವಂಥದ್ದಲ್ಲ ಅದು. ಬರಬೇಡ. ಅಲ್ಲೇ ನಿಲ್ಲು ಅಂದೆನಲ್ಲ...

ನಿಲ್ಲು.

ಕುಂಟ್ತೀಯಲ್ಲ, ಕಾಲಿಗೆ ಎಂತ ಆಯಿತು?

ಮುಚ್ಚಬೇಡ. ಸೀರೆ ಎತ್ತು, ನೋಡುವ. ದೇವರೇ... ಇದು ಮುರಿದು ಕೂಡಿದ ಕಾಲು. ಓರೆಯಾಗಿ ಕೂಡಿದೆ. ಎಲ್ಲಿ ಬಿದ್ದದ್ದು? ಸೆಟ್ಟಿನ ಮೆಟ್ಟಿಲಿನಿಂದಲಾ? ಕುಣಿಯುವಾಗಲೇ? ಮತ್ತೆ ಯಾರು ನೋಡಿಕೊಂಡದ್ದು ನಿನ್ನನ್ನು? ಆ ಪಾರ್ಟಿಯವರಾ?... ಯಾರೂ ಇಲ್ಲವಾ?

ಅದಕ್ಕೇ.

ಅದಕ್ಕೇ ಆ ಸರ್ಕಸ್ಸಿನದ್ದು ಆದ ಮೇಲೆ ನೀನು ಯಾವುದರಲ್ಲೂ ಇಲ್ಲ. ರಾಣಿಯ ಹೊಸದು ಬಂತು, ಇಲ್ಲ. ಮಾಂತ್ರಿಕನದ್ದು ಬಂತು, ಜಾತ್ರೆಯ ಹಾಡಿನಲ್ಲಿ ಅಷ್ಟು ಜನ ಇದ್ದರು, ಒಂದೊಂದು ಮುಖ ನಿಲ್ಲಿಸಿ ನೋಡಿದೆ. ಇಲ್ಲ. ನನಗೆ ನಿನ್ನ ಸುದ್ದಿ ಅಂತ ಇದ್ದದ್ದು ಅದೊಂದೇ ಅಲ್ಲವಾ? ಸಿನಿಮಾದಲ್ಲಿ ಕಂಡರೆ ಜೀವ ಉಂಟು ಅಂತ. ಅದೂ ನಿಂತುಹೋಯಿತು. ಆಮೇಲೆ ಯಾರ ಹತ್ತಿರ ಕೇಳಲಿ? ‘ನನ್ನ ತಂಗಿ ಇದ್ದಾಳಾ, ಸತ್ತಳಾ’ ಅಂತ ಯಾರ ಹತ್ತಿರ ಕೇಳಲಿ ನಾನು ಈ ಕಾಪುವಿನಲ್ಲಿ?

ಅಳಬೇಡ. ಅಂಗಡಿಯಲ್ಲಿ ಅಳಬೇಡ, ಜನ ನೋಡ್ತಾರೆ.

ಸ್ಟೂಲು ಎಳೆದುಕೋ. ಕಾಲು ನೀಡಿ ಕೂತುಕೋ. ನಾನು ಬಾಗಿಲು ಹಾಕಿ ಬರ್ತೇನೆ.