ಸೋಸಿದ ನೀರು

ಬರಗಾಲಕ್ಕೆ ಊರು ಬಿಟ್ಟು ಹೊರಟ ಅನುಸೂಯಾಬಾಯಿ ಬೀದರ ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸು ಕಾಯುತ್ತಿದ್ದಳು. ಕಿವಿ ಮಾತ್ರ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಔರಾದ ಕಡೆಯ ಗುಂಡಮ್ಮ, ಗಣಿ ಬರಲಿರುವ ಹಳ್ಳದ ನೀರು ಪರೀಕ್ಷಿಸುವ ನರಸಿಂಗನಿಗೆ ಬಾಟಲಿಯೊಂದನ್ನು ಕೊಡುತ್ತಿದ್ದಳು.

"ಸಾಹೇಬ್ರ, ನೀವು ಮನಿಗಿ ಬಂದಾಗ ಕೊಟ್ಟ ನೀರು ಬ್ಯಾಡ್ರಿ, ಇದನ್ನ ನೋಡ್ರಿ."

"ಅದು ಹಳ್ಳದ ನೀರಲ್ಲೇನ್ರಿ?"

"ಹಳ್ಳದ್ದೇ ಅದರಿ. ಮನಿಗಿ ಬಂದವರಿಗಿ ರಾಡಿನೀರು ಹ್ಯಾಂಗ ಕೊಡಾದು? ತಿಳಿ ಆಗ್ಲಿ ಅಂತ ಪಟಕ ತಿರುವಿ, ಸೆರಗಿನಾಗ ಸೋಸಿ ಕೊಟ್ಟಿದ್ದೆ."

"ರಿಪೋರ್ಟ್ ಚೊಲೊ ಬಂದದರಿ."

"ಅದಕ್ಕೇ ಬಂದೀನಿ. ಹಳ್ಳದ ನೀರು ಚೊಲೊ ಅದ ಅಂತ ನಮ್ಮ ಟ್ಯಾಂಕರ್ ಬಂದ್ ಮಾಡ್ಯಾರ."

ನರಸಿಂಗ ಬಾಟಲಿಯನ್ನು ಬೆಳಕಿಗೆ ಹಿಡಿದ. ತಳದಲ್ಲಿ ಕೆಂಪು ರಾಡಿ ಕೂತಿತ್ತು.

"ಇದನ್ನ ಬರದ್ರ ಟ್ಯಾಂಕರ್ ಬರ್ತದರಿ. ಆದ್ರ ಹಳ್ಳ ಮೊದಲೇ ಕೆಟ್ಟದ ಅಂತ ಖಣಿಯವರಿಗಿ ಪರವಾನಗಿ ಸಿಗ್ತದ."

ಗುಂಡಮ್ಮ ಬಾಟಲಿಯತ್ತ ಬೆರಳು ತೋರಿಸಿದಳು.

"ಸೋಸಿದ್ದು, ರಾಡಿದ್ದು, ಎರಡೂ ನಾವು ಕುಡಿಯೋ ನೀರೇರಿ. ಹಾಂಗೇ ಬರ್ಕೊಳ್ರಿ."

"ಹಾಂಗ ಎರಡೂ ಬರಿಯೋ ಖಾನೆ ನಮ್ಮ ಫಾರಮಿನಾಗ ಇಲ್ಲ, ಯವ್ವಾ."

ಔರಾದ ಬಸ್ಸು ಬಂತು. ಅನುಸೂಯಾಬಾಯಿ ನೋಡುತ್ತಿದ್ದಂತೆ ಗುಂಡಮ್ಮ ಬಾಟಲಿಯನ್ನು ವಾಪಸ್ ತೆಗೆದುಕೊಂಡು, ರಾಡಿ ಮೇಲೇಳದಂತೆ ನೆಟ್ಟಗೆ ಹಿಡಿದು ಬಸ್ಸು ಹತ್ತಿದಳು.